ವಿಶೇಷ ಅಗತ್ಯದ ಮಗು, ಸಾಮಾನ್ಯ ಶಾಲೆ: ಶಿಕ್ಷಕರ ಅಭಿಪ್ರಾಯ ಹುಟ್ಟುವುದೆಲ್ಲಿ?

ಜೂನ್ ತಿಂಗಳ ದಾಖಲಾತಿ ಆಂದೋಲನದ ದಿನಗಳಲ್ಲಿ ಬಳ್ಳಾರಿ ಸೀಮೆಯ ಸರ್ಕಾರಿ ಶಾಲೆಗಳಲ್ಲಿ ವಿಶೇಷ ಅಗತ್ಯವುಳ್ಳ ಮಗುವಿನ ಮಾತು ಎತ್ತಿದರೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: "ಸೇರಿಸ್ಕಂತೀವಿ ಸರ್, ಕಲಿಸಾದು ಹೆಂಗ ಅಂಬೋದು ಹೇಳ್ರಿ." ನಗರದ ಮಗ್ಗುಲಿನ ಸಂಗನಕಲ್ಲಿರಲಿ, ಕುರುಗೋಡಿನ ಕಡೆಯ ಹಳ್ಳಿಯಿರಲಿ, ತುಂಗಭದ್ರೆಯ ಕಾಲುವೆ ನೀರು ಹರಿಯುವ ಸಿರುಗುಪ್ಪದ ಭತ್ತದ ಊರಿರಲಿ, ಈ ಮಾತು ಬದಲಾಗುವುದು ಕಡಿಮೆ. ಇದರ ಮೊದಲರ್ಧ ಇಲಾಖೆಯ ದಾಖಲಾತಿ ಅಂಕಿಗಳಲ್ಲಿ ಸಾಧನೆಯಾಗಿ ಸೇರುತ್ತದೆ. ಎರಡನೆಯ ಅರ್ಧ ಸಂಶೋಧನಾ ಪ್ರಬಂಧಗಳಲ್ಲಿ 'ಶಿಕ್ಷಕರ ನಕಾರಾತ್ಮಕ ಮನೋಭಾವ' ಎಂಬ ಕಲಮಿಗೆ ಹೋಗುತ್ತದೆ. ಎರಡೂ ಕಡೆ ಶಿಕ್ಷಕರ ಮಾತನ್ನು ಅರ್ಧಕ್ಕೆ ಕತ್ತರಿಸಿ ಕೇಳಲಾಗಿದೆ.

ನಾನು ಕಂಡುಕೊಂಡಿರುವುದು ಇಷ್ಟು. ಶಿಕ್ಷಕರ ತಲೆಯಲ್ಲಿ ಮೊದಲು ಅಭಿಪ್ರಾಯ ಹುಟ್ಟಿ, ಅದು ಆಮೇಲೆ ತರಗತಿಗೆ ಇಳಿಯುವುದಿಲ್ಲ. ಹೋದ ವರ್ಷ ತಮ್ಮ ಕೋಣೆಯಲ್ಲಿದ್ದ ಒಂದು ಮಗುವಿನ ವಿಷಯದಲ್ಲಿ ಏನಾಯಿತು, ಆಗ ಯಾರು ಜೊತೆಗೆ ನಿಂತರು, ಯಾರು ಬರುತ್ತೇನೆಂದು ಹೇಳಿ ಬರಲಿಲ್ಲ, ಇವುಗಳಿಂದ ಅಭಿಪ್ರಾಯ ಕಟ್ಟಿಕೊಳ್ಳುತ್ತದೆ. ಇದನ್ನು ಒಪ್ಪಿದರೆ 'ಮನೋಭಾವ ಬದಲಾವಣೆ'ಗೆಂದು ನಡೆಸುವ ಭಾಷಣಗಳ ಜಾಗದಲ್ಲಿ ಬೇರೆ ಏನನ್ನೋ ಇಡಬೇಕಾಗುತ್ತದೆ.

ಕಾನೂನಿನ ಮಟ್ಟಿಗೆ ವಿಷಯ ಇತ್ಯರ್ಥವಾಗಿದೆ. ಅಂಗವಿಕಲ ಮಕ್ಕಳು ಆದಷ್ಟೂ ಸಾಮಾನ್ಯ ಶಾಲೆಗಳಲ್ಲೇ ಕಲಿಯಲಿ ಎಂದು 1964–66ರ ಕೊಠಾರಿ ಆಯೋಗವೇ ಹೇಳಿತ್ತು. 1974ರಲ್ಲಿ ಕೇಂದ್ರ ಸರ್ಕಾರ ಅದಕ್ಕೆಂದೇ ಒಂದು ಯೋಜನೆ ತಂದಿತು. 1994ರಲ್ಲಿ ಸ್ಪೇನಿನ ಸಲಮಾಂಕಾದಲ್ಲಿ 92 ಸರ್ಕಾರಗಳು ಸೇರಿ ಸಾಮಾನ್ಯ ಶಾಲೆಯ ಬಾಗಿಲು ಎಲ್ಲ ಮಕ್ಕಳಿಗೂ ತೆರೆದಿರಬೇಕೆಂದು ಘೋಷಿಸಿದವು. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. 2012ರ ತಿದ್ದುಪಡಿ ಅಂಗವಿಕಲ ಮಕ್ಕಳನ್ನು ಅದರೊಳಗೆ ಸ್ಪಷ್ಟವಾಗಿ ತಂದು, ತೀವ್ರ ಮತ್ತು ಬಹುವಿಧ ವೈಕಲ್ಯವಿರುವವರಿಗೆ ಮನೆಯಲ್ಲೇ ಕಲಿಯುವ ಆಯ್ಕೆಯನ್ನೂ ಕೊಟ್ಟಿತು. 1995ರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಗುರುತಿಸಿತ್ತು. 2016ರ ಕಾಯ್ದೆ ಅದನ್ನು 21ಕ್ಕೆ ಏರಿಸಿ, 6ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆ ಅಥವಾ ತಾನು ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕು ನೀಡಿತು. ಶಿಕ್ಷಕರು ಒಪ್ಪಿದರೆ ಮಾತ್ರ ಮಗು ಬರಬೇಕು ಅನ್ನುವ ಮಾತಿಗೆ ಇಲ್ಲಿ ಜಾಗವಿಲ್ಲ, ಇರಲೂಬಾರದು. ಹಾಗಿದ್ದೂ ಅವರ ಅಭಿಪ್ರಾಯ ಮುಖ್ಯವಾಗುವುದು ಯಾಕೆಂದರೆ, ದಾಖಲಾತಿ ಪುಸ್ತಕದಲ್ಲಿ ಹೆಸರು ಬರೆಸುವುದು ಕಾನೂನು; ಎರಡನೇ ಪೀರಿಯಡ್‌ನಲ್ಲಿ ಆ ಮಗುವಿನ ಕೈಗೆ ಏನು ಕೊಡಬೇಕೆಂದು ತೀರ್ಮಾನಿಸುವವರು ಶಿಕ್ಷಕಿ ಒಬ್ಬರೇ.

ಹೆಸರು ಬರೆಸುವ ಕೆಲಸವೂ ಪೂರ್ತಿ ಮುಗಿದಿಲ್ಲ ಅನ್ನುವುದನ್ನು ಮರೆಯಬಾರದು. 2011ರ ಜನಗಣತಿಯ ಲೆಕ್ಕದಲ್ಲಿ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದರು. ಅದೇ ಜನಗಣತಿಯನ್ನು ಆಧರಿಸಿ ಯುನೆಸ್ಕೊ 2019ರಲ್ಲಿ ಹೊರತಂದ ವರದಿ, ದೇಶದ ಐದು ವರ್ಷದ ಅಂಗವಿಕಲ ಮಕ್ಕಳಲ್ಲಿ ನಾಲ್ಕರಲ್ಲಿ ಮೂವರು ಯಾವ ಶಿಕ್ಷಣ ಸಂಸ್ಥೆಗೂ ಹೋಗುತ್ತಿಲ್ಲ ಎಂದಿತು. 5ರಿಂದ 19ರ ವಯಸ್ಸಿನವರಲ್ಲಿ ಹೊರಗುಳಿದವರು ನಾಲ್ಕರಲ್ಲಿ ಒಬ್ಬರು. ಅಂದರೆ ಅಂಗನವಾಡಿಯ ವಯಸ್ಸು ಮನೆಯಲ್ಲೇ ಕಳೆದುಹೋಗುತ್ತದೆ. ಒಂದನೇ ತರಗತಿಯ ಶಿಕ್ಷಕಿಗೆ ಸಿಗುವುದು ಗುಂಪಿನಲ್ಲಿ ಕೂತು ಅಭ್ಯಾಸವೇ ಇಲ್ಲದ ಮಗು.

ಶಿಕ್ಷಕರ ಅಭಿಪ್ರಾಯದ ಬಗ್ಗೆ ಹೆಚ್ಚು ಉಲ್ಲೇಖವಾಗುವ ಅಧ್ಯಯನಗಳಲ್ಲಿ ಒಂದು ಅಮೆರಿಕದ ಸ್ಕ್ರಗ್ಸ್ ಮತ್ತು ಮಾಸ್ಟ್ರೋಪಿಯರಿ ಅವರದು. 1958ರಿಂದ 1995ರವರೆಗಿನ 28 ಸಮೀಕ್ಷೆಗಳನ್ನು, ಒಟ್ಟು 10,560 ಶಿಕ್ಷಕರ ಉತ್ತರಗಳನ್ನು, ಒಟ್ಟುಗೂಡಿಸಿ ಅವರು 1996ರಲ್ಲಿ ಪ್ರಕಟಿಸಿದರು. ಎಲ್ಲ ಮಕ್ಕಳೂ ಒಂದೇ ಶಾಲೆಯಲ್ಲಿ ಕಲಿಯಬೇಕೆಂಬ ತತ್ವವನ್ನು ಒಪ್ಪಿದವರು ಸುಮಾರು ಮೂರನೇ ಎರಡು ಭಾಗ. ನನ್ನ ತರಗತಿಯಲ್ಲಿ ನಾನೇ ಕಲಿಸುತ್ತೇನೆ ಎಂದವರು ಅರ್ಧಕ್ಕಿಂತ ತುಸು ಹೆಚ್ಚು. ಅದಕ್ಕೆ ಬೇಕಾದ ಸಮಯ, ತರಬೇತಿ, ಸಾಮಗ್ರಿ ತಮ್ಮ ಬಳಿ ಇದೆ ಎಂದವರು ಮೂರನೇ ಒಂದು ಭಾಗ ಅಥವಾ ಅದಕ್ಕೂ ಕಡಿಮೆ. ಈ ಇಳಿತವನ್ನು ನಿಧಾನವಾಗಿ ನೋಡಬೇಕು. ತತ್ವದಿಂದ ತನ್ನ ಕೋಣೆಗೆ, ಕೋಣೆಯಿಂದ ತನ್ನ ಕೈಯಲ್ಲಿರುವ ಸಾಮಗ್ರಿಗೆ ಬರುವಷ್ಟರಲ್ಲಿ ಒಪ್ಪಿಗೆ ಅರ್ಧಕ್ಕಿಂತ ಕೆಳಗಿಳಿಯಿತು. ಸಂಗನಕಲ್ಲಿನಲ್ಲೋ ಸಿರುಗುಪ್ಪದಲ್ಲೋ ಹೇಳುವ ಆ ಒಂದೇ ವಾಕ್ಯದಲ್ಲೂ ಇದೇ ಇಳಿತವಿದೆ. ಇನ್ನೊಂದು ಸಂಗತಿಯನ್ನೂ ಅವರು ಗಮನಿಸಿದ್ದರು: ಸುಮಾರು ನಾಲ್ಕು ದಶಕಗಳಲ್ಲಿ ಕಾನೂನುಗಳು ಬಂದುಹೋದರೂ ಈ ಪ್ರಮಾಣಗಳು ಕಾಲಕ್ಕೆ ತಕ್ಕಂತೆ ಬದಲಾಗಿರಲಿಲ್ಲ.

2011ರಲ್ಲಿ ನೆದರ್ಲೆಂಡ್ಸಿನ ಡಿ ಬೂರ್ ಮತ್ತು ಸಂಗಡಿಗರು 26 ಅಧ್ಯಯನಗಳನ್ನು ಪರಿಶೀಲಿಸಿದಾಗ, ಪ್ರಾಥಮಿಕ ಶಾಲಾ ಶಿಕ್ಷಕರಲ್ಲಿ ಹೆಚ್ಚಿನವರು ತಟಸ್ಥರು ಇಲ್ಲವೇ ವಿರೋಧದ ಕಡೆ ವಾಲಿದವರು ಎಂದೇ ಕಂಡಿತು. ಸ್ಪಷ್ಟ ಬೆಂಬಲ ತೋರಿದ ಅಧ್ಯಯನ ಒಂದೂ ಇರಲಿಲ್ಲ. ಅದಕ್ಕೂ ಮುಂಚೆ, 2002ರಲ್ಲಿ, ಬ್ರಿಟನ್ನಿನ ಅವ್ರಮಿಡಿಸ್ ಮತ್ತು ನಾರ್ವಿಚ್ ಇಂಥದ್ದೇ ಪರಿಶೀಲನೆ ನಡೆಸಿದ್ದರು. ಶಿಕ್ಷಕರ ವಯಸ್ಸು, ಲಿಂಗ ಮುಂತಾದವಕ್ಕಿಂತ ಮಗುವಿನ ತೊಂದರೆ ಯಾವ ಬಗೆಯದು, ಎಷ್ಟು ತೀವ್ರವಾದದ್ದು, ಶಾಲೆಯಲ್ಲಿ ಸಿಗುವ ನೆರವೇನು ಎಂಬುದೇ ಅಭಿಪ್ರಾಯವನ್ನು ತೀರ್ಮಾನಿಸುತ್ತದೆ ಎಂದು ಅವರು ಹೇಳಿದರು. ಕಾಲಿನ ತೊಂದರೆ, ಸ್ವಲ್ಪ ಮಂದ ದೃಷ್ಟಿ ಇರುವ ಮಗುವಿಗೆ ಸುಲಭದಲ್ಲಿ ಒಪ್ಪಿಗೆ. ಬೌದ್ಧಿಕ ಅಸಾಮರ್ಥ್ಯ, ಆಟಿಸಂ, ಕೂತಲ್ಲಿ ಕೂರದ ನಡವಳಿಕೆ ಬಂದ ಕೂಡಲೇ ಅನುಮಾನ. ನಮ್ಮಲ್ಲೂ ಹಾಗೇ. "ಕಾಲಿಲ್ಲದ ಹುಡುಗ ಜಾಣ ಅದಾನ" ಅನ್ನುವ ಶಿಕ್ಷಕರೇ ಇನ್ನೊಂದು ಮಗುವಿನ ಹೆಸರು ಬಂದಾಗ ತಲೆ ಅಲ್ಲಾಡಿಸುತ್ತಾರೆ.

ಭಾರತದ ಅಧ್ಯಯನಗಳು ಹೆಚ್ಚಾಗಿ ದೊಡ್ಡ ನಗರಗಳವು. 2009ರಲ್ಲಿ ಪುಣೆಯ ಶಿಕ್ಷಕ ವಿದ್ಯಾರ್ಥಿಗಳನ್ನು ಕೇಳಿದಾಗ, ತರಬೇತಿಯ ಹಂತದಲ್ಲೇ ಅವರ ಮನಸ್ಸು ತುಸು ವಿರೋಧದ ಕಡೆ ವಾಲಿತ್ತು. 2013ರಲ್ಲಿ ಪ್ರಕಟವಾದ ದೆಹಲಿಯ ಅಧ್ಯಯನದಲ್ಲಿ ಸುಮಾರು 70 ಶೇಕಡಾ ಶಿಕ್ಷಕರಿಗೆ ಈ ಬಗ್ಗೆ ತರಬೇತಿಯೂ ಇರಲಿಲ್ಲ, ಅಂಥ ಮಕ್ಕಳಿಗೆ ಕಲಿಸಿದ ಅನುಭವವೂ ಇರಲಿಲ್ಲ. ತರಗತಿಯಲ್ಲಿ ನೆರವಿನ ಸೌಲಭ್ಯವೇ ಇಲ್ಲದವರು 87 ಶೇಕಡಾ. ಅಹಮದಾಬಾದಿನ ಶಿಕ್ಷಕರು 2016ರ ಅಧ್ಯಯನದಲ್ಲಿ ಅತಿ ಹೆಚ್ಚು ಚಿಂತೆ ಪಟ್ಟದ್ದು ಮೂಲಸೌಕರ್ಯದ ಕೊರತೆಗೆ, ಅತಿ ಕಡಿಮೆ ಚಿಂತೆ ಪಟ್ಟದ್ದು ಉಳಿದ ಮಕ್ಕಳು ಆ ಮಗುವನ್ನು ಒಪ್ಪುತ್ತಾರೋ ಇಲ್ಲವೋ ಎಂಬುದಕ್ಕೆ. ಇವೆಲ್ಲದರ ನಡುವೆ ನನಗೆ ದೊಡ್ಡದಾಗಿ ಕಾಣುವುದು 2006ರ ಮುಂಬೈ ಅಧ್ಯಯನ. ಪರಶುರಾಮ್ ಅವರು ವಯಸ್ಸು, ವಿದ್ಯಾರ್ಹತೆ, ವರಮಾನ, ಅನುಭವ ಹೀಗೆ ಹಲವು ಅಂಶಗಳನ್ನು ಒರೆಗೆ ಹಚ್ಚಿದ್ದರು. ಮಕ್ಕಳನ್ನು ಸಾಮಾನ್ಯ ಶಾಲೆಗೆ ಸೇರಿಸುವ ಕುರಿತ ಅಭಿಪ್ರಾಯವನ್ನು ನಿಜಕ್ಕೂ ಬದಲಿಸಿದ್ದು, ಆ ಶಿಕ್ಷಕರಿಗೆ ಅಂಗವಿಕಲ ವ್ಯಕ್ತಿಯೊಬ್ಬರ ಪರಿಚಯ ಮೊದಲೇ ಇತ್ತೇ ಎಂಬ ಒಂದು ಅಂಶ.

ಈ ಬಗೆಯ ಸಮೀಕ್ಷೆಗಳಿಗೆ ಒಂದು ಮಿತಿಯಿದೆ. 'ಎಲ್ಲ ಮಕ್ಕಳಿಗೂ ಸಮಾನ ಶಿಕ್ಷಣ ಸಿಗಬೇಕೇ' ಎಂದು ಕೇಳಿದರೆ ಸರ್ಕಾರಿ ನೌಕರಿಯಲ್ಲಿರುವ ಯಾರು ಬೇಡ ಅನ್ನುತ್ತಾರೆ? ಸಮೂಹ ಸಂಪನ್ಮೂಲ ವ್ಯಕ್ತಿಯ (ಸಿಆರ್‌ಪಿ) ಕೈಗೆ ತಲುಪುವ ಹಾಳೆಯಲ್ಲಿ ಉತ್ತರ ತುಂಬುವಾಗ ಮನಸ್ಸು ಎಚ್ಚರದಲ್ಲಿರುತ್ತದೆ. ಅದೇ ಶಿಕ್ಷಕರು ಬಿಸಿಯೂಟದ ಹೊತ್ತಿನಲ್ಲಿ, ಸಹೋದ್ಯೋಗಿಗಳ ನಡುವೆ, ಬೇರೆಯೇ ಮಾತಾಡುತ್ತಾರೆ. ಆ ಮಾತುಗಳಲ್ಲಿ ಕೆಲವು ಕೇಳಲು ಕಷ್ಟವಾಗುವಂಥವು. ಪೂರ್ವಜನ್ಮದ ಕರ್ಮ, ತಂದೆತಾಯಿಯ ಪಾಪ, 'ಅದಕ್ಕೇನು ತಿಳೀತೈತಿ' ಅನ್ನುವ ಮಾತುಗಳು ನಮ್ಮ ಶಿಕ್ಷಕರ ಕೋಣೆಗಳಲ್ಲಿ ಇವತ್ತಿಗೂ ಇವೆ. ಮಗುವನ್ನು 'ಅದು' ಎಂದು ಕರೆಯುವ ಅಭ್ಯಾಸವೂ ಇದೆ. ಸೌಲಭ್ಯದ ಕೊರತೆಯನ್ನು ಮುಂದಿಟ್ಟು ಈ ಪೂರ್ವಗ್ರಹವನ್ನು ಮುಚ್ಚಬಾರದು. ಪೂರ್ವಗ್ರಹವನ್ನು ತೋರಿಸಿ ಸೌಲಭ್ಯದ ಕೊರತೆಯನ್ನು ಮುಚ್ಚುವುದಂತೂ ಅದಕ್ಕಿಂತ ದೊಡ್ಡ ತಪ್ಪು.

ಬಳ್ಳಾರಿಯಲ್ಲಿ ಈ ಪ್ರಶ್ನೆಗೆ ಇಲ್ಲಿನದೇ ಆದ ಒಂದು ಗಂಟಿದೆ. 1953ರಲ್ಲಿ ಮೈಸೂರಿಗೆ ಸೇರುವವರೆಗೂ ಮದ್ರಾಸ್ ಆಡಳಿತದಲ್ಲಿದ್ದ ಸೀಮೆ ಇದು. ಆಂಧ್ರದ ಗಡಿ ಕೈಯಳತೆಯಲ್ಲಿದೆ. ಮನೆಯಲ್ಲಿ ತೆಲುಗು, ಉರ್ದು, ಲಂಬಾಣಿ ಆಡುವ ಮಕ್ಕಳು ಕನ್ನಡ ಮಾಧ್ಯಮದ ಒಂದನೇ ತರಗತಿಗೆ ಬಂದು ಮೊದಲ ಆರು ತಿಂಗಳು ಬಾಯಿ ಬಿಡದೆ ಕೂರುವುದು ಇಲ್ಲಿ ಮಾಮೂಲು. ಹೀಗೆ ಸುಮ್ಮನಿರುವ ಮಗುವಿಗೆ ಭಾಷೆ ಬರುತ್ತಿಲ್ಲವೇ, ಕಿವಿ ಕೇಳುತ್ತಿಲ್ಲವೇ, ಬೌದ್ಧಿಕ ತೊಂದರೆಯೇ, ಇಲ್ಲ ಹೆದರಿಕೆಯೇ? ಎಂಟು ದಿನದಲ್ಲಿ ಪಟ್ಟಿ ಕಳಿಸಿ ಎಂಬ ಸುತ್ತೋಲೆ ಬಂದಾಗ ಶಿಕ್ಷಕಿ ಒಂದು ಕಲಮಿಗೆ ಟಿಕ್ ಹಾಕಲೇಬೇಕು. ಎನ್‌ಸಿಇಆರ್‌ಟಿ ರೂಪಿಸಿದ ಪ್ರಶಸ್ತ್ ಆ್ಯಪ್‌ನಂಥ ಗುರುತಿಸುವ ಪಟ್ಟಿಗಳು ಒಳ್ಳೆಯವೇ. ಆದರೆ ಎರಡನೆಯ ಭಾಷೆಯಲ್ಲಿ ಕಲಿಯುತ್ತಿರುವ ಮಗುವನ್ನೂ ಕಲಿಕಾ ನ್ಯೂನತೆಯ ಮಗುವನ್ನೂ ಬೇರೆ ಮಾಡಿ ನೋಡಲು ಮನೆಗೆ ಹೋಗಬೇಕು, ಮನೆಯ ಭಾಷೆಯಲ್ಲಿ ಮಾತಾಡಿಸಬೇಕು, ಅಜ್ಜಿ ಕರೆದಾಗ ಮಗು ತಿರುಗುತ್ತದೆಯೇ ನೋಡಬೇಕು. ತಪಾಸಣಾ ಶಿಬಿರದ ಗದ್ದಲದಲ್ಲಿ ಕೆಲವೇ ನಿಮಿಷ ಮಗುವನ್ನು ನೋಡಿ ಇದನ್ನು ತೀರ್ಮಾನಿಸಲಾಗದು.

ಈ ಗೊಂದಲದಿಂದ ಇನ್ನೊಂದು ಅಭಿಪ್ರಾಯ ಹುಟ್ಟಿದೆ. ಐದನೇ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಎರಡನೇ ತರಗತಿಯ ಪಾಠ ಓದಲಾಗದು ಎಂದು ಅಸರ್ ಸಮೀಕ್ಷೆಗಳು ಹೇಳುತ್ತಲೇ ಬಂದಿವೆ. "ನಮ್ಮ ಕ್ಲಾಸ್‌ನಾಗ ಎಲ್ಲರೂ ನಿಧಾನ ಕಲಿಕೆಯವರೇ, ಯಾರನ್ನ ವಿಶೇಷ ಅನ್ನೋಣ?" ಎಂದು ಶಿಕ್ಷಕರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು. ಓದು ಬಾರದ ಇಪ್ಪತ್ತು ಮಕ್ಕಳಿಗೆ ಉಪಯೋಗವಾಗುವ ವಿಧಾನಗಳು, ಅಂದರೆ ಚಿತ್ರ, ದೊಡ್ಡ ಅಕ್ಷರ, ಕೈಯಲ್ಲಿ ಹಿಡಿಯುವ ವಸ್ತು, ಮರಳಿ ಮರಳಿ ಹೇಳುವುದು, ಜೊತೆಗಾರನ ನೆರವು, ಇವೇ ಬೌದ್ಧಿಕ ತೊಂದರೆಯ ಮಗುವಿಗೂ ಬೇಕಾದದ್ದರ ದೊಡ್ಡ ಭಾಗ. ಆದರೆ ಹೀಗೆ ಎಲ್ಲರನ್ನೂ ಒಂದೇ ಗಂಟಿಗೆ ಕಟ್ಟಿದಾಗ ನಿಜಕ್ಕೂ ಕಿವಿ ಕೇಳದ ಮಗು 'ನಿಧಾನ'ದ ಪಟ್ಟಿಯಲ್ಲಿ ಕಳೆದುಹೋಗುವ ಅಪಾಯವೂ ಇದೆ.

ನಮ್ಮಲ್ಲೇ ಇರುವ ಒಂದು ಒಳ್ಳೆಯ ವ್ಯವಸ್ಥೆಯನ್ನು ಈ ಚರ್ಚೆಯಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಂಡಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ, 2009–10ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿದ ನಲಿ-ಕಲಿ ಅದು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪು ಗುಂಪಾಗಿ ಕೂರುತ್ತಾರೆ. ಗೋಡೆಗೆ ಕಲಿಕಾ ಏಣಿ. ಪ್ರತಿ ಮಗು ಆ ಏಣಿಯಲ್ಲಿ ತಾನಿರುವ ಮೆಟ್ಟಿಲು ಯಾವುದೆಂದು ನೋಡಿ, ಅದಕ್ಕೆ ತಕ್ಕ ಕಾರ್ಡು ತೆಗೆದುಕೊಂಡು, ಆ ಕಾರ್ಡು ಹೇಳುವ ತಟ್ಟೆಗೆ, ಅಂದರೆ ಗುಂಪಿಗೆ, ಹೋಗಿ ಕೂರುತ್ತದೆ. ಒಂದು ತಟ್ಟೆಯಲ್ಲಿ ಶಿಕ್ಷಕಿ ಪೂರ್ತಿ ಜೊತೆಗಿರುತ್ತಾರೆ, ಇನ್ನೊಂದರಲ್ಲಿ ಅರ್ಧ. ಮತ್ತೊಂದರಲ್ಲಿ ಸಹಪಾಠಿಯ ನೆರವು, ಕಡೆಯದರಲ್ಲಿ ಸ್ವಂತ ಕಲಿಕೆ. ಒಂದು ಮಗು 'ಅ' ತಿದ್ದುವಾಗ ಪಕ್ಕದ ಮಗು ವಾಕ್ಯ ಓದುತ್ತಿದ್ದರೆ ಅಲ್ಲಿ ಯಾರೂ ಹಿಂದುಳಿದವರಲ್ಲ. ಜ್ವರ ಬಂದು ಹದಿನೈದು ದಿನ ಬಿಟ್ಟ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಬೇರೆ ಬೇರೆ ವೇಗದ ಮಕ್ಕಳನ್ನು ಒಂದೇ ಕೋಣೆಯಲ್ಲಿ ಇಟ್ಟುಕೊಳ್ಳುವುದು ಹೇಗೆ ಎಂದು ಜಗತ್ತಿನ ಸಮನ್ವಯ ಶಿಕ್ಷಣದ ಪುಸ್ತಕಗಳು ಅಧ್ಯಾಯಗಟ್ಟಲೆ ಬರೆಯುವುದನ್ನು ನಮ್ಮ ನಲಿ-ಕಲಿ ಶಿಕ್ಷಕಿಯರು ದಿನವೂ ಮಾಡುತ್ತಿದ್ದಾರೆ. ವಿಶೇಷ ಅಗತ್ಯದ ಮಗುವಿನ ಬಗ್ಗೆ ಅತಿ ಕಡಿಮೆ ದೂರು ಕೇಳಿಬರುವುದೂ ಇವರಿಂದಲೇ ಎಂಬುದು ನಾನು ಮತ್ತೆ ಮತ್ತೆ ಗಮನಿಸಿರುವ ಸಂಗತಿ. ಸಂಬಳ, ಸೌಲಭ್ಯ, ಓದು ಎಲ್ಲ ಒಂದೇ ಆಗಿರುವ ಒಂದೇ ಶಾಲೆಯಲ್ಲಿ, ಗೋಡೆಯಾಚೆಯ ಆರನೇ ತರಗತಿಯ ಶಿಕ್ಷಕರು ಅದೇ ಮಗುವಿನ ಬಗ್ಗೆ ಬೇರೆ ಅಭಿಪ್ರಾಯ ಇಟ್ಟುಕೊಂಡಿರುತ್ತಾರೆ.

ಗೋಡೆಯಾಚೆ ಬದಲಾಗುವುದು ಪಾಠದ ರೀತಿ. ನಾಲ್ಕನೇ ತರಗತಿಗೆ ಬಂದ ಕೂಡಲೇ ಏಣಿ ಹೋಗಿ ಪಠ್ಯಪುಸ್ತಕ ಬರುತ್ತದೆ, ತಟ್ಟೆ ಹೋಗಿ ಬೆಂಚು ಬರುತ್ತದೆ, ಎಲ್ಲರೂ ಒಂದೇ ದಿನ ಒಂದೇ ಪಾಠ. ಮೂರು ವರ್ಷ ತನ್ನ ಮೆಟ್ಟಿಲಿನಲ್ಲಿ ಹಾಯಾಗಿದ್ದ ಮಗು ಒಂದು ಬೇಸಿಗೆ ರಜೆ ಮುಗಿಯುವಷ್ಟರಲ್ಲಿ 'ಕಲಿಯಲಾರದ ಮಗು' ಆಗುತ್ತದೆ. ಪ್ರೌಢಶಾಲೆಯಲ್ಲಿ ಇನ್ನೂ ಬಿಗಿ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಜಿಲ್ಲೆಯ ಸ್ಥಾನ ಎಷ್ಟು, ಶಾಲೆಯ ಶೇಕಡಾವಾರು ಎಷ್ಟು ಎಂದು ಪ್ರತಿ ಸಭೆಯಲ್ಲೂ ಕೇಳುವ ಕಡೆ, ಪಾಸಾಗುವ ಭರವಸೆಯಿಲ್ಲದ ಮಗುವನ್ನು ಮುಖ್ಯೋಪಾಧ್ಯಾಯರು ಭಾರವೆಂದು ಕಾಣುವುದು ಅವರ ಹೃದಯದ ದೋಷವೊಂದರಿಂದಲೇ ಅಲ್ಲ. ವಿಶೇಷ ಅಗತ್ಯದ ಮಕ್ಕಳಿಗೆ ಹೆಚ್ಚುವರಿ ಸಮಯ, ಲಿಪಿಕಾರರ ನೆರವು, ಭಾಷಾ ವಿನಾಯಿತಿಯಂಥ ಅವಕಾಶಗಳು ಪರೀಕ್ಷೆಯಲ್ಲಿ ಇವೆ. ಪ್ರಮಾಣಪತ್ರ ಮುಂಚೆಯೇ ಆಗದಿದ್ದರೆ ಅವು ಮಗುವಿನ ಕೈಗೆ ಸಿಗುವುದಿಲ್ಲ. ಎಂಟನೇ ತರಗತಿಯಲ್ಲಿ ಈ ಓಡಾಟ ಶುರು ಮಾಡುವ ಶಾಲೆ ಮತ್ತು ಹತ್ತನೆಯ ತರಗತಿಯ ಡಿಸೆಂಬರಿನಲ್ಲಿ ನೆನಪಾಗುವ ಶಾಲೆ, ಎರಡರ ನಡುವೆ ಒಂದು ಮಗುವಿನ ಪೂರ್ತಿ ಭವಿಷ್ಯವಿರುತ್ತದೆ.

ಇನ್ನು ಜೊತೆಗೆ ನಿಲ್ಲುವವರು ಯಾರು? ಸಮಗ್ರ ಶಿಕ್ಷಣ ಯೋಜನೆಯಡಿ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಒಂದು ಬ್ಲಾಕಿನ ನೂರಾರು ಶಾಲೆಗಳಿಗೆ ಬೆರಳೆಣಿಕೆಯವರು. ಮನೆಯಲ್ಲೇ ಇರುವ ಮಕ್ಕಳ ಭೇಟಿ, ವೈದ್ಯಕೀಯ ಮೌಲ್ಯಾಂಕನ ಶಿಬಿರ, ಸಾಧನಗಳ ವಿತರಣೆ, ಭತ್ಯೆಯ ಕಡತ ಎಲ್ಲ ಇವರ ಮೇಲೇ. ಅವರು ಶಾಲೆಗೆ ಬಂದ ದಿನ ಆ ಮಗುವನ್ನು ಪಕ್ಕಕ್ಕೆ ಕರೆದು ಅರ್ಧ ಗಂಟೆ ಕಲಿಸಿ, ರಿಜಿಸ್ಟರಿನಲ್ಲಿ ಸಹಿ ಮಾಡಿ ಹೊರಡುತ್ತಾರೆ. ತರಗತಿ ಶಿಕ್ಷಕಿ ಅದನ್ನು ನೋಡುವುದೇ ಇಲ್ಲ. ಆ ಹೊತ್ತಿನಲ್ಲಿ ಉಳಿದ ಮಕ್ಕಳು ಅವರ ಮುಂದೆ ಇರುತ್ತಾರೆ. ಹೀಗಾಗಿ 'ಅದು ಬಿಐಇಆರ್‌ಟಿ ಮಗು' ಎಂಬ ಭಾವನೆ ಬೇರೂರುತ್ತದೆ. ಶಾಲೆಯ ಒಳಗೇ ಇನ್ನೊಂದು ವಿಶೇಷ ಶಾಲೆ ಹುಟ್ಟಿದಂತೆ.

ದೂರದ ಲೆಕ್ಕವೂ ಇದೆ. ಸಂಗನಕಲ್ಲಿನ ತಾಯಿ ಆಟೋ ಹತ್ತಿ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ತಲುಪಬಹುದು. ಸಿರುಗುಪ್ಪ ತಾಲ್ಲೂಕಿನ ತಾಯಿಗೆ ಬಳ್ಳಾರಿ ಐವತ್ತಕ್ಕೂ ಹೆಚ್ಚು ಕಿಲೋಮೀಟರ್. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೆ ಒಮ್ಮೆ, ಕಿವಿ ಪರೀಕ್ಷೆಗೆ ಇನ್ನೊಮ್ಮೆ, ತಜ್ಞರು ಇಲ್ಲದ ದಿನ ಹೋದದ್ದಕ್ಕೆ ಮತ್ತೊಮ್ಮೆ. ಪ್ರತಿ ಸಲವೂ ಒಂದು ದಿನದ ಕೂಲಿ ಹೋಗುತ್ತದೆ. ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ ತಾಯಿ ಹೊಲಕ್ಕೆ ಹೋಗಲೇಬೇಕು. ಆಗ ವಿಶೇಷ ಅಗತ್ಯದ ಮಗುವನ್ನು ನೋಡಿಕೊಳ್ಳಲು ಅದರ ಅಕ್ಕ ಶಾಲೆ ಬಿಡುತ್ತಾಳೆ. ಹಾಜರಿಯಲ್ಲಿ ಎರಡು ಮಕ್ಕಳು ಕಾಣೆ. 'ಪಾಲಕರಿಗೇ ಆಸಕ್ತಿ ಇಲ್ಲ' ಎಂಬ ಶಿಕ್ಷಕರ ಅಭಿಪ್ರಾಯ ಹುಟ್ಟುವ ತಿಂಗಳೂ ಇದೇ.

ಸಾಧನಗಳ ವಿಷಯ ಒಂದಿಷ್ಟು ಹತ್ತಿರದಿಂದ ನೋಡಬೇಕು. ಶಿಬಿರದಲ್ಲಿ ಮಗುವಿಗೆ ಶ್ರವಣ ಸಾಧನ ಸಿಗುತ್ತದೆ. ಕಿವಿಯ ಅಚ್ಚು ಆ ಮಗುವಿನ ಕಿವಿಗೆ ತಕ್ಕಂತೆ ಇಲ್ಲದಿದ್ದರೆ ಅದು ಕುಯ್ ಎಂದು ಸದ್ದು ಮಾಡುತ್ತದೆ. ಪಕ್ಕದ ಮಕ್ಕಳು ನಗುತ್ತಾರೆ. ಬೆಳೆಯುವ ಮಗುವಿನ ಕಿವಿಗೆ ಅಚ್ಚು ಬದಲಿಸುತ್ತಲೇ ಇರಬೇಕು. ಬ್ಯಾಟರಿ ಮುಗಿದರೆ ಹಳ್ಳಿಯ ಅಂಗಡಿಯಲ್ಲಿ ಸಿಗುವುದಿಲ್ಲ. ಮಳೆಗಾಲದಲ್ಲಿ ನೆನೆದರೆ ಕೆಡುತ್ತದೆಂದು, ಕಳೆದರೆ ಮತ್ತೆ ಕೊಡುವುದಿಲ್ಲವೆಂದು ತಾಯಿ ಅದನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಡುತ್ತಾಳೆ. ದಾಖಲೆಯಲ್ಲಿ ಆ ಮಗು ಸಾಧನ ಪಡೆದ ಫಲಾನುಭವಿ. ತರಗತಿಯಲ್ಲಿ ಅದು ಶಿಕ್ಷಕಿಯ ತುಟಿ ನೋಡುತ್ತಾ ಕೂತಿದೆ; ಶಿಕ್ಷಕಿ ಬೋರ್ಡಿನ ಕಡೆ ತಿರುಗಿ ಮಾತಾಡುತ್ತಿದ್ದಾರೆ. ಮಕ್ಕಳ ಕಡೆ ತಿರುಗಿ ಮಾತಾಡಿ, ಮಗುವನ್ನು ಕಿಟಕಿಯ ಬೆಳಕು ನಿಮ್ಮ ಮುಖದ ಮೇಲೆ ಬೀಳುವ ಜಾಗದಲ್ಲಿ ಕೂರಿಸಿ ಎಂಬ ಎರಡು ಮಾತು ಅವರಿಗೆ ಯಾರೂ ಹೇಳಿಲ್ಲ.

ರ‍್ಯಾಂಪಿನದೂ ಹಾಗೆಯೇ. ಒಂದು ಅಡಿ ಏರಿಗೆ ಹನ್ನೆರಡು ಅಡಿ ಉದ್ದ ಎಂಬುದು ನಿಯಮ. ಶಾಲೆಯ ಜಗಲಿ 45 ಸೆಂಟಿಮೀಟರ್, ಅಂದರೆ ಮೂರು ಮೆಟ್ಟಿಲಷ್ಟು, ಎತ್ತರವಿದ್ದರೆ ಇಳಿಜಾರು 5.4 ಮೀಟರ್ ಉದ್ದವಿರಬೇಕು. ಆರೇಳು ಅಡಿಯಲ್ಲಿ ಮುಗಿಸಿದ ರ‍್ಯಾಂಪಿನ ಮೇಲೆ ಗಾಲಿಕುರ್ಚಿಯ ಮಗು ತಾನಾಗಿ ಹತ್ತಲಾರದು, ಇಳಿಯುವಾಗ ಮುಗ್ಗರಿಸುತ್ತದೆ. ಶೌಚಾಲಯದ ಬಾಗಿಲು ಗಾಲಿಕುರ್ಚಿಗೆ ಸಾಲದಷ್ಟು ಕಿರಿದಾಗಿದ್ದರೆ ಆ ಮಗು ಬೆಳಿಗ್ಗೆಯಿಂದ ಸಂಜೆಯವರೆಗೆ ನೀರು ಕುಡಿಯದೆ ಕೂರುತ್ತದೆ. ಹೆಣ್ಣುಮಗುವಾದರೆ ಏಳನೇ ತರಗತಿ ದಾಟುವ ಮೊದಲೇ ಶಾಲೆ ಬಿಡುತ್ತದೆ.

'ಬಿದ್ದು ಏನಾದರೂ ಆದರೆ ಯಾರು ಹೊಣೆ?' ಎಂಬುದು ಶಿಕ್ಷಕರ ಇನ್ನೊಂದು ಮಾತು. ಅದನ್ನು ನೆಪ ಎಂದು ತಳ್ಳಿಹಾಕಲಾರೆ. ಹೊರಸಂಚಾರದ ದಿನವನ್ನೇ ನೋಡಿ. ಸಂಗನಕಲ್ಲಿನ ಬೆಟ್ಟಗಳು ನವಶಿಲಾಯುಗದ ಜನ ಬದುಕಿದ ಜಾಗ. ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದಲ್ಲಿ ಗುರುತಿಸಿದ ನೆಲೆ. ಸುತ್ತಲಿನ ಶಾಲೆಗಳ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ದಿನ ಕ್ಯಾಲಿಪರ್ ಹಾಕಿದ ಮಗುವನ್ನು, ಕಣ್ಣು ಕಾಣದ ಮಗುವನ್ನು ಶಾಲೆಯಲ್ಲೇ ಬಿಟ್ಟು ಹೋಗುವುದು ಸುಲಭದ ದಾರಿ. ಆದರೆ ಅಲ್ಲಿನ ಬಂಡೆಗಳಲ್ಲಿ ಕೆಲವು ಕಲ್ಲಿನಿಂದ ತಟ್ಟಿದರೆ ನಾದ ಕೊಡುತ್ತವೆ. ಕಲ್ಲಿನ ಕೊಡಲಿ ಮಸೆದ ತಗ್ಗುಗಳು ಬಂಡೆಯ ಮೇಲೆ ಇವೆ. ಬೆರಳಿಗೂ ಕಿವಿಗೂ ಸಿಗುವ ಇಂಥ ಇತಿಹಾಸದ ಪಾಠ ಕಣ್ಣು ಕಾಣದ ಮಗುವಿಗೆ ಬೇರೆಲ್ಲಿ ಸಿಗಬೇಕು? ಜೊತೆಗೆ ಇನ್ನೊಬ್ಬ ದೊಡ್ಡವರಿದ್ದರೆ ಶಿಕ್ಷಕಿ ಕರೆದೊಯ್ಯುತ್ತಾರೆ. ಇಲ್ಲದಿದ್ದರೆ ಬಿಟ್ಟು ಹೋಗುತ್ತಾರೆ, ಆಮೇಲೆ 'ಇಂಥ ಮಕ್ಕಳಿಗೆ ಇದೆಲ್ಲ ಆಗಲ್ಲ' ಎಂಬ ಅಭಿಪ್ರಾಯವನ್ನು ಕಟ್ಟಿಕೊಳ್ಳುತ್ತಾರೆ.

ವಿಶೇಷ ಶಾಲೆಯೇ ಸರಿ ಎಂಬ ಮಾತನ್ನು ಪೂರ್ತಿ ತಪ್ಪೆಂದು ನಾನು ಹೇಳಲಾರೆ. ಈ ಸೀಮೆಯಲ್ಲಿ ಆ ಮಾತಿಗೆ ಹಿನ್ನೆಲೆಯಿದೆ. ಗದಗಿನ ವೀರೇಶ್ವರ ಪುಣ್ಯಾಶ್ರಮ ಪಂಚಾಕ್ಷರಿ ಗವಾಯಿಗಳ ಕಾಲದಿಂದ ಎಷ್ಟೋ ಅಂಧ ಮಕ್ಕಳಿಗೆ ಅನ್ನ, ವಿದ್ಯೆ, ಸಂಗೀತ, ಗೌರವ ಎಲ್ಲವನ್ನೂ ಕೊಟ್ಟಿದೆ. ಪುಟ್ಟರಾಜ ಗವಾಯಿಗಳನ್ನು ಕಂಡ ಜನ ನಾವು. ಅದರ ಋಣ ದೊಡ್ಡದು. ಅದರ ಜೊತೆಗೇ, ಕಣ್ಣು ಕಾಣದ ಮಗು ಎಂದರೆ ಗದಗಿಗೆ ಕಳಿಸಬೇಕು, ಹಾರ್ಮೋನಿಯಂ ಕಲಿಸಬೇಕು ಎಂಬ ಒಂದೇ ದಾರಿ ನಮ್ಮ ಶಿಕ್ಷಕರ ಮನಸ್ಸಿನಲ್ಲಿ ಉಳಿದಿದೆ. ಗಣಿತ ಬೇಕೆನ್ನುವ ಅಂಧ ಹುಡುಗಿಯನ್ನು ಅವರು ಊಹಿಸಿಕೊಂಡಿಲ್ಲ. ಕಿವುಡ ಮಕ್ಕಳ ಪ್ರಶ್ನೆ ಇನ್ನೂ ಬೇರೆ. ರಾಜ್ಯ ಸರ್ಕಾರ ಶ್ರವಣದೋಷದ ಮಕ್ಕಳಿಗೆ ನಡೆಸುವ ಶಾಲೆಗಳಲ್ಲೊಂದು ಬಳ್ಳಾರಿಯಲ್ಲೇ ಇದೆ. ಸನ್ನೆಭಾಷೆ ಬಲ್ಲ ಒಬ್ಬರೂ ಇಲ್ಲದ ಹಳ್ಳಿ ಶಾಲೆಯಲ್ಲಿ ಪೂರ್ತಿ ಕಿವುಡಾದ ಮಗು ಎಂಟು ವರ್ಷ ಕೂತು ಎದ್ದರೆ ಅದಕ್ಕೆ ಭಾಷೆಯೇ ಸಿಕ್ಕಿರುವುದಿಲ್ಲ. ಅಂಥ ಮಗುವಿಗೆ ಸನ್ನೆಭಾಷೆಯ ಶಾಲೆ ಬೇಕೆಂದು ಕಿವುಡರ ಸಂಘಟನೆಗಳೇ ಜಗತ್ತಿನಾದ್ಯಂತ ಹೇಳುತ್ತ ಬಂದಿವೆ. ಭಾರತ 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಒಡಂಬಡಿಕೆ ಸನ್ನೆಭಾಷೆಯ ಕಲಿಕೆಯನ್ನು ಹಕ್ಕೆಂದು ಒಪ್ಪಿದೆ. ಈ ಒಂದು ವಿಷಯದಲ್ಲಿ ಹಳ್ಳಿ ಶಿಕ್ಷಕರ ಅನುಮಾನಕ್ಕೆ ಗಟ್ಟಿಯಾದ ಆಧಾರವಿದೆ. ಉಳಿದವರ ವಿಷಯದಲ್ಲಿ, ಮುಖ್ಯವಾಗಿ ಬೌದ್ಧಿಕ ತೊಂದರೆಯ ಮಕ್ಕಳ ವಿಷಯದಲ್ಲಿ, 'ವಿಶೇಷ ಶಾಲೆಗೆ ಕಳಿಸಿ' ಎಂದರೆ ಹೆಚ್ಚಿನ ಸಲ ಮನೆಗೆ ಕಳಿಸಿ ಎಂದೇ ಅರ್ಥವಾಗುತ್ತದೆ, ಯಾಕೆಂದರೆ ಸಿರುಗುಪ್ಪದ ಒಳಹಳ್ಳಿಯ ಮಗು ದಿನವೂ ಹೋಗಿಬರುವಷ್ಟು ಹತ್ತಿರದಲ್ಲಿ ಅಂಥ ಶಾಲೆ ಸಿಗದು.

ಶಿಕ್ಷಕರ ಹೊರೆಯನ್ನು ಬಿಟ್ಟು ಈ ಲೆಕ್ಕ ಮುಗಿಯುವುದಿಲ್ಲ. ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಖಾಲಿ ಹುದ್ದೆಗಳು ಹಳೆಯ ಗೋಳು. ಅತಿಥಿ ಶಿಕ್ಷಕರಿಂದ ವರ್ಷ ಸಾಗುತ್ತದೆ. ಮತದಾರರ ಪಟ್ಟಿ, ವಿದ್ಯಾರ್ಥಿಗಳ ಎಸ್‌ಎಟಿಎಸ್ ದಾಖಲೆ, ಬಿಸಿಯೂಟ, ಮೊಟ್ಟೆ ವಿತರಣೆಯ ಲೆಕ್ಕ ಎಲ್ಲ ಇವರದೇ. 2025ರ ಸೆಪ್ಟೆಂಬರ್ 22ರಂದು ಶುರುವಾದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನೇ ಮನೆಮನೆಗೆ ಕಳಿಸಿ, ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಬೇಕಾಯಿತು. ಇಂಥ ವರ್ಷದಲ್ಲಿ ಒಂದು ಮಗುವಿಗೆ ವೈಯಕ್ತಿಕ ಕಲಿಕಾ ಯೋಜನೆ ಬರೆಯಿರಿ ಎಂದರೆ ಅದು ಶಿಕ್ಷಕಿಗೆ ತುಂಬಬೇಕಾದ ಮತ್ತೊಂದು ನಮೂನೆಯಾಗಿ ಕಾಣುತ್ತದೆ. ಸಮಗ್ರ ಶಿಕ್ಷಣದಲ್ಲಿ ಪ್ರತಿ ವಿಶೇಷ ಅಗತ್ಯದ ಮಗುವಿಗೆ ವರ್ಷಕ್ಕೆ 3,500 ರೂಪಾಯಿ ವರೆಗೆ ಅವಕಾಶವಿದೆ, ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿ ಪ್ರೋತ್ಸಾಹಧನವಿದೆ. ಆ ಹಣದಲ್ಲಿ ಎರಡನೆಯ ಮನುಷ್ಯರನ್ನು ತರಗತಿಗೆ ತರಲಾಗದು.

ತರಬೇತಿಯ ಬಗ್ಗೆ ಹೇಳಬೇಕಾದ್ದು ಕಡಿಮೆ. 2015ರಿಂದ ಎರಡು ವರ್ಷದ ಬಿ.ಇಡಿ.ಯಲ್ಲಿ ಸಮನ್ವಯ ಶಾಲೆಯ ಕುರಿತು ಒಂದು ಪತ್ರಿಕೆ ಸೇರಿದೆ. 2019ರಿಂದ ನಿಷ್ಠಾ ತರಬೇತಿಯಲ್ಲೂ, ದೀಕ್ಷಾ ವೇದಿಕೆಯಲ್ಲೂ ಈ ವಿಷಯವಿದೆ. ಇವುಗಳಿಂದ ಶಿಕ್ಷಕರಿಗೆ 21 ವೈಕಲ್ಯಗಳ ಹೆಸರು ಬಂದಿವೆ. ಆ ಮಗುವಿನ ಜೊತೆ ಒಂದು ಬೆಳಗ್ಗೆ ಕಳೆಯುವ ಅವಕಾಶ ಬಂದಿಲ್ಲ. ಮುಂಬೈ ಅಧ್ಯಯನ ಹೇಳಿದ ಪರಿಚಯ ಪರದೆಯ ಮೇಲೆ ಆಗುವಂಥದಲ್ಲ. 1977ರ ಕಾನೂನಿನಿಂದ ಇಟಲಿ ಬಹುತೇಕ ಎಲ್ಲ ಮಕ್ಕಳನ್ನೂ ಸಾಮಾನ್ಯ ಶಾಲೆಗೆ ತಂದಾಗ, ಅದೇ ತರಗತಿಯ ಒಳಗೆ ಬೆಂಬಲ ಶಿಕ್ಷಕರೆಂಬ ಎರಡನೆಯವರನ್ನೂ ನಿಲ್ಲಿಸಿತು. ಆ ಎರಡನೆಯವರು ಮಗುವಿನ ಶಿಕ್ಷಕರಲ್ಲ, ಇಡೀ ತರಗತಿಯ ಶಿಕ್ಷಕರು ಎಂಬುದು ಅಲ್ಲಿನ ನಿಯಮ. ಅಲ್ಲೂ ದೂರುಗಳಿವೆ. ಆದರೆ ಸೇರಿಸಬೇಕೇ ಬೇಡವೇ ಎಂಬ ಮಾತು ಅಲ್ಲಿ ಬಹಳ ಹಿಂದೆಯೇ ಹಿಂದೆ ಸರಿದಿದೆ.

ನಮ್ಮಲ್ಲಿಯೂ ಈಗ ಒಂದು ಅವಕಾಶ ಬಂದಿದೆ. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್ 28ರಂದು, ಸಾಮಾನ್ಯ ಶಾಲೆಗಳಿಗೂ ವಿಶೇಷ ಶಿಕ್ಷಕರ ಖಾಯಂ ಹುದ್ದೆಗಳು ಬೇಕು ಎಂದಿತು. ಕೇಂದ್ರ ಸರ್ಕಾರ ಆಮೇಲೆ ನಿಗದಿ ಮಾಡಿದ ಅನುಪಾತ, ಪ್ರಾಥಮಿಕ ಹಂತದಲ್ಲಿ ಹತ್ತು ಮಕ್ಕಳಿಗೆ ಒಬ್ಬರು, ಹಿರಿಯ ಪ್ರಾಥಮಿಕ ಮತ್ತು ಪ್ರೌಢ ಹಂತದಲ್ಲಿ ಹದಿನೈದಕ್ಕೆ ಒಬ್ಬರು. ನೇಮಕ ಆಗುವ ತನಕ ಒಂದು ಸಮೂಹದ ಶಾಲೆಗಳು ಸಂಚಾರಿ ವಿಶೇಷ ಶಿಕ್ಷಕರನ್ನು ಹಂಚಿಕೊಳ್ಳಬಹುದು ಎಂದೂ ಕೋರ್ಟ್ ಹೇಳಿತ್ತು. 2025ರ ಮಾರ್ಚ್ 7ರಂದು ಮತ್ತೆ, ಹುದ್ದೆಗಳನ್ನು ಮಂಜೂರು ಮಾಡಿ ಅಧಿಸೂಚನೆ ಹೊರಡಿಸಿ ಎಂದು ರಾಜ್ಯಗಳಿಗೆ ತಾಕೀತು ಮಾಡಿತು. ಹುದ್ದೆಗಳು ಬಂದಾಗ ಅವರನ್ನು ಎಲ್ಲಿ ಕೂರಿಸುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಬಿಆರ್‌ಸಿ ಕಚೇರಿಯಲ್ಲಿ ಕೂರಿಸಿ ಕಡತ ಕೊಟ್ಟರೆ ಈಗಿನ ಸ್ಥಿತಿಯೇ ಮುಂದುವರಿಯುತ್ತದೆ. ಸಮೂಹಕ್ಕೊಬ್ಬರಂತೆ ಇಟ್ಟು, ವಾರದ ಇಂಥ ದಿನ ಇಂಥ ಶಾಲೆ ಎಂದು ಖಚಿತ ಮಾಡಿ, ಮಗುವನ್ನು ಪಕ್ಕಕ್ಕೆ ಕರೆಯದೆ ತರಗತಿಯ ಒಳಗೇ ಶಿಕ್ಷಕಿಯ ಜೊತೆ ಪಾಠ ಮಾಡಿಸಿದರೆ, ಒಂದು ವರ್ಷದಲ್ಲಿ ಆ ಶಾಲೆಯ ಶಿಕ್ಷಕರ ಮಾತು ಬದಲಾಗುತ್ತದೆ ಎಂಬುದು ನನ್ನ ನಂಬಿಕೆ. ನಾಲ್ಕು, ಐದನೇ ತರಗತಿಗಳಿಗೂ ನಲಿ-ಕಲಿಯ ಏಣಿಯಂಥದೊಂದನ್ನು ವಿಸ್ತರಿಸುವ ಕೆಲಸಕ್ಕಂತೂ ಯಾವ ಕೋರ್ಟಿನ ಆದೇಶವೂ ಬೇಕಿಲ್ಲ.

ಅಧ್ಯಯನ ಮಾಡುವವರಿಗೂ ಒಂದು ಮನವಿ. ಎಂ.ಇಡಿ., ಪಿಎಚ್.ಡಿ.ಗಳಿಗೆಂದು ಮನೋಭಾವ ಮಾಪನಿಗಳನ್ನು ಹಿಡಿದು ಶಾಲೆಗೆ ಬರುವ ಹುಡುಗ ಹುಡುಗಿಯರು 'ಒಪ್ಪುತ್ತೀರಾ, ಬಲವಾಗಿ ಒಪ್ಪುತ್ತೀರಾ' ಎಂಬ ಪ್ರಶ್ನೆಗಳನ್ನು ಸ್ವಲ್ಪ ಕಡಿಮೆ ಮಾಡಲಿ. ನಿನ್ನೆ ಎರಡನೇ ಪೀರಿಯಡ್‌ನಲ್ಲಿ ಆ ಮಗು ಎಲ್ಲಿ ಕೂತಿತ್ತು, ಅದರ ಕೈಯಲ್ಲಿ ಏನಿತ್ತು, ಅದರ ಜೊತೆ ಯಾರು ಮಾತಾಡಿದರು, ಸಂಪನ್ಮೂಲ ಶಿಕ್ಷಕರು ಕಡೆಯ ಸಲ ಬಂದದ್ದು ಯಾವಾಗ, ಬಂದಾಗ ನೀವಿಬ್ಬರೂ ಏನು ಮಾಡಿದಿರಿ ಎಂದು ಕೇಳಲಿ. ಉತ್ತರಗಳನ್ನು ಬಳ್ಳಾರಿ, ಕುರುಗೋಡು, ಸಿರುಗುಪ್ಪ ತಾಲ್ಲೂಕುವಾರು ಬೇರೆಬೇರೆಯಾಗಿ, ನಲಿ-ಕಲಿ ಕೋಣೆ ಮತ್ತು ಮೇಲಿನ ತರಗತಿಗಳನ್ನು ಬೇರೆಬೇರೆಯಾಗಿ ಕೊಡಲಿ. ಹುದ್ದೆಗಳನ್ನು ಹಂಚುವವರ ಮೇಜಿನ ಮೇಲೆ ಇರಬೇಕಾದ ಮಾಹಿತಿ ಅದು.